ಅಂಗಿಯ ಮೇಲಿನ ಹೆಸರು

ಬೆಳಗಾವಿ ಜಿಲ್ಲೆಯ ದಕ್ಷಿಣ ಭಾಗದಲ್ಲಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂಬ ನಾಲ್ಕು ಊರುಗಳಿವೆ. ನಾಲ್ಕೂ ತಾಲೂಕು ಕೇಂದ್ರಗಳು. ಒಂದೊಂದಕ್ಕೂ ಅದರದೇ ಆದ ಚರಿತ್ರೆಯಿದೆ, ಅದರದೇ ಆದ ಅಭಿಮಾನವಿದೆ. ಕಿತ್ತೂರಿನಲ್ಲಿ ರಾಣಿ ಚನ್ನಮ್ಮನ ಕೋಟೆಯ ಅವಶೇಷಗಳು ಇಂದಿಗೂ ನಿಂತಿವೆ. ಆ ವೀರರಾಣಿಯ ಸಮಾಧಿ ಇರುವುದು ಬೈಲಹೊಂಗಲದಲ್ಲಿ. ಸವದತ್ತಿಯು ಹಿಂದೆ ರಟ್ಟರ ರಾಜಧಾನಿಯಾಗಿ ಮೆರೆದ ಊರು. ಅಲ್ಲಿಯ ಯಲ್ಲಮ್ಮನ ಗುಡ್ಡವೂ ಮಲಪ್ರಭಾ ನದಿಗೆ ಕಟ್ಟಿದ ನವಿಲುತೀರ್ಥದ ಜಲಾಶಯವೂ ನಾಡಿಗೆಲ್ಲ ಪರಿಚಿತ. ಅದೇ ನದಿಯ ದಂಡೆಯಲ್ಲಿರುವ ರಾಮದುರ್ಗವು 1948ರವರೆಗೆ ಒಂದು ಚಿಕ್ಕ ಸಂಸ್ಥಾನವಾಗಿತ್ತು. ಮಗ್ಗದ ಸದ್ದು ಅಲ್ಲಿಯ ಜನಜೀವನದ ಉಸಿರಾಗಿತ್ತು.

ಈ ಊರುಗಳ ಮಕ್ಕಳಿಗೆ ಆಟವೆಂದರೆ ಹೊಸದಲ್ಲ. ಜಾತ್ರೆಯ ಕುಸ್ತಿ, ಗರಡಿಯ ಮಣ್ಣು, ಹಿರಿಯರು ಹುತುತು ಎಂದು ಕರೆಯುತ್ತಿದ್ದ ಕಬಡ್ಡಿ, ಶಾಲೆಯ ಅಂಗಳದ ಖೋ-ಖೋ ಇವೆಲ್ಲ ಅವರು ಬಾಲ್ಯದಿಂದ ಕಂಡು ಬೆಳೆದವು. ಇಂಥ ಮಕ್ಕಳು ಕಾಲೇಜನ್ನು ಸೇರಿದ ಮೇಲೆ ಅಂತರ ಮಹಾವಿದ್ಯಾಲಯ ಪಂದ್ಯಗಳಲ್ಲಿ ಎದುರುಬದುರಾಗಿ ನಿಲ್ಲುತ್ತಾರೆ. ಆಗ ಮೈದಾನವೆಲ್ಲ ಊರಿನ ಅಭಿಮಾನದಿಂದ ತುಂಬಿಹೋಗುತ್ತದೆ. ಒಂದು ಬದಿಯಲ್ಲಿ ಬೈಲಹೊಂಗಲದವರ ಕೂಗು, ಇನ್ನೊಂದು ಬದಿಯಲ್ಲಿ ರಾಮದುರ್ಗದವರ ಕೂಗು. ಒಂದು ಅಂಕಕ್ಕಾಗಿ ಮೊಣಕಾಲು ತರಚಿದರೂ ಲೆಕ್ಕವಿಲ್ಲ.

ಆದರೆ ಪಂದ್ಯಗಳು ಮುಗಿದ ಮೇಲೆ ಒಂದು ವಿಚಿತ್ರ ನಡೆಯುತ್ತದೆ. ನಿನ್ನೆಯವರೆಗೆ ಒಬ್ಬರನ್ನೊಬ್ಬರು ಕೆಡವಲು ಹವಣಿಸುತ್ತಿದ್ದ ತರುಣರು ಒಂದೇ ಬಣ್ಣದ ಅಂಗಿಯನ್ನು ತೊಟ್ಟು ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಆ ಅಂಗಿಯ ಮೇಲೆ ಬೈಲಹೊಂಗಲವೂ ಇಲ್ಲ, ಸವದತ್ತಿಯೂ ಇಲ್ಲ; ಅವರೆಲ್ಲರ ವಿಶ್ವವಿದ್ಯಾಲಯದ ಹೆಸರು ಮಾತ್ರ ಇರುತ್ತದೆ. ಹಲವು ಊರಿನ ಆಟಗಾರರು ಒಂದು ತಂಡವಾಗುವುದು ಹೇಗೆ? ಆ ತಂಡಕ್ಕೆ ತನ್ನದೆಂಬ ಗುರುತು ಬರುವುದು ಎಲ್ಲಿಂದ? ಇದು ವಿಚಾರ ಮಾಡತಕ್ಕ ವಿಷಯ.

ತಂಡವು ರೂಪುಗೊಳ್ಳುವ ಕ್ರಮವನ್ನು ಮೊದಲು ತಿಳಿದುಕೊಳ್ಳಬೇಕು. ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿದ ಕಾಲೇಜುಗಳು ತಮ್ಮ ತಮ್ಮ ತಂಡಗಳನ್ನು ಕಟ್ಟಿ ಅಂತರ ಮಹಾವಿದ್ಯಾಲಯ ಪಂದ್ಯಗಳಿಗೆ ಕಳುಹಿಸುತ್ತವೆ. ಆಯ್ಕೆ ಸಮಿತಿಯವರು ಆ ಆಟಗಳನ್ನು ನೋಡಿ ಉತ್ತಮ ಆಟಗಾರರನ್ನು ಆರಿಸುತ್ತಾರೆ. ಗೆದ್ದ ಕಾಲೇಜಿನವರಷ್ಟೇ ಆಯ್ಕೆಯಾಗಬೇಕೆಂಬ ನಿಯಮವಿಲ್ಲ. ಮೊದಲ ಸುತ್ತಿನಲ್ಲಿಯೇ ಸೋತು ಮರಳಿದ ಕಾಲೇಜಿನ ಒಬ್ಬ ಹುಡುಗನ ಹೆಸರೂ ಪಟ್ಟಿಯಲ್ಲಿ ಬರಬಹುದು. ಆಯ್ಕೆಯಾದವರು ತರಬೇತಿ ಶಿಬಿರದಲ್ಲಿ ಕೂಡಿ ಉಂಡು, ಕೂಡಿ ಓಡಿ, ಕೂಡಿ ಆಡಿ ಅಂತರ ವಿಶ್ವವಿದ್ಯಾಲಯ ಪಂದ್ಯಗಳಿಗೆ ಹೊರಡುತ್ತಾರೆ. ಭಾರತೀಯ ವಿಶ್ವವಿದ್ಯಾಲಯಗಳ ಸಂಘವು ಈ ಪಂದ್ಯಗಳ ವ್ಯವಸ್ಥೆಯನ್ನು ನೋಡಿಕೊಳ್ಳುತ್ತದೆ. 1925ರಲ್ಲಿ ಅಂತರ ವಿಶ್ವವಿದ್ಯಾಲಯ ಮಂಡಳಿ ಎಂಬ ಹೆಸರಿನಿಂದ ಆರಂಭವಾದ ಈ ಸಂಸ್ಥೆ 1973ರಿಂದ ಈಗಿನ ಹೆಸರನ್ನು ಪಡೆದಿದೆ. ದೇಶದ ವಿಶ್ವವಿದ್ಯಾಲಯಗಳನ್ನು ವಲಯಗಳಾಗಿ ವಿಂಗಡಿಸಿ ಪಂದ್ಯಗಳನ್ನು ನಡೆಸುವುದು ಅದರ ಪದ್ಧತಿ.

ಪಟ್ಟಿಯಲ್ಲಿ ಹೆಸರುಗಳು ಸೇರಿದ ಮಾತ್ರಕ್ಕೆ ತಂಡವಾಗುವುದಿಲ್ಲ. ಕಬಡ್ಡಿಯ ಅಂಕಣವನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಎದುರಾಳಿಯು ಉಸಿರು ಕಟ್ಟಿ ದಾಳಿಗೆ ಬಂದಾಗ ಏಳು ಜನ ರಕ್ಷಕರು ಅವನಿಗೆ ಎದುರಾಗುತ್ತಾರೆ. ಇಬ್ಬಿಬ್ಬರು ಕೈ ಕೈ ಹಿಡಿದು ಸರಪಳಿಯಾಗುತ್ತಾರೆ. ದಾಳಿಗಾರನಿಗೆ ದೊರೆಯುವ ಕಾಲ ಕೇವಲ ಮೂವತ್ತು ಸೆಕೆಂಡು. ಅಷ್ಟರಲ್ಲಿ ಸವದತ್ತಿಯ ಹುಡುಗ ಅವನ ಕಾಲನ್ನು ಹಿಡಿದರೆ, ರಾಮದುರ್ಗದ ಹುಡುಗ ಸೊಂಟವನ್ನು ಹಿಡಿಯಬೇಕು. ಹಿಂದಿನ ಪಂದ್ಯದ ಸೋಲನ್ನು ಮನಸ್ಸಿನಲ್ಲಿಟ್ಟುಕೊಂಡು ಒಬ್ಬನು ಅರೆಕ್ಷಣ ಹಿಂಜರಿದರೂ ಸರಪಳಿ ಕಳಚುತ್ತದೆ. ದಾಳಿಗಾರನು ಆ ಬಿರುಕಿನಿಂದಲೇ ನುಸುಳಿ ಮಧ್ಯಗೆರೆಯನ್ನು ಮುಟ್ಟುತ್ತಾನೆ. ಯಾರ ಕೈಯನ್ನು ಹಿಡಿದಿದ್ದೇನೆ, ಅವನು ಯಾವ ಊರಿನವನು ಎಂದು ಯೋಚಿಸಲು ಅಲ್ಲಿ ಅವಕಾಶವೇ ಇಲ್ಲ.

ಖೋ-ಖೋ ಆಟದಲ್ಲಿ ಈ ನಂಬಿಕೆ ಇನ್ನೂ ಹೆಚ್ಚಿನದು. ಸಾಲಿನಲ್ಲಿ ಕುಳಿತ ಎಂಟು ಜನರಲ್ಲಿ ಅಕ್ಕಪಕ್ಕದವರು ವಿರುದ್ಧ ದಿಕ್ಕಿಗೆ ಮುಖ ಮಾಡಿರುತ್ತಾರೆ. ತನ್ನ ಬೆನ್ನ ಹಿಂದೆ ನಡೆಯುವುದು ಯಾರಿಗೂ ಪೂರ್ಣವಾಗಿ ಕಾಣುವುದಿಲ್ಲ. ಬೆನ್ನ ಮೇಲೆ ಕೈ ಬಿದ್ದು ‘ಖೋ’ ಎಂಬ ಶಬ್ದ ಕೇಳಿದೊಡನೆ ಎದ್ದು ಓಡಬೇಕು. ಶಬ್ದ ಕೊಟ್ಟವಳು ಯಾವ ಕಾಲೇಜಿನವಳೆಂದು ಹಿಂದಿರುಗಿ ನೋಡುವ ಆಟಗಾರ್ತಿ ಆಟವನ್ನೇ ಕಳೆದುಕೊಳ್ಳುತ್ತಾಳೆ. ಹೀಗೆ ಆಟದ ನಿಯಮವೇ ಆಟಗಾರರಿಗೆ ಒಂದಾಗುವ ಪಾಠವನ್ನು ಕಲಿಸುತ್ತದೆ. ಮಗ್ಗದಲ್ಲಿ ಹಾಸು ಒಂದು ಕಡೆಯದು, ಹೊಕ್ಕು ಇನ್ನೊಂದು ಕಡೆಯದು; ಎರಡೂ ಬಿಗಿಯಾಗಿ ಹೆಣೆದುಕೊಂಡಾಗ ಮಾತ್ರ ಅದು ಬಟ್ಟೆ ಎನಿಸಿಕೊಳ್ಳುತ್ತದೆ.

ಈ ಹೆಣಿಗೆ ಸುಲಭವಾದುದಲ್ಲ. ಕಾಲೇಜಿನ ಅಭಿಮಾನ, ಊರಿನ ಅಭಿಮಾನ, ಮಾತಿನ ಭೇದ, ಹಳೆಯ ಜಗಳದ ನೆನಪು ಇವೆಲ್ಲ ಶಿಬಿರಕ್ಕೂ ಹಿಂಬಾಲಿಸಿ ಬರುತ್ತವೆ. ತಮ್ಮ ಕಾಲೇಜಿನವನು ನಾಯಕನಾಗಲಿಲ್ಲವೆಂಬ ಅಸಮಾಧಾನ ಕೆಲವರಿಗೆ, ತಮ್ಮವನನ್ನು ಅಂಕಣಕ್ಕೆ ಇಳಿಸದೆ ಹೊರಗೆ ಕೂಡಿಸಿದರೆಂಬ ಕೊರಗು ಇನ್ನು ಕೆಲವರಿಗೆ. ಇಂಥ ಸಂದರ್ಭದಲ್ಲಿ ಆಯ್ಕೆ ಮಾಡುವವರ ಹೊಣೆ ಬಹು ದೊಡ್ಡದು. ಆಟವನ್ನು ನೋಡಿ ಆರಿಸಿದರೆ ತಂಡಕ್ಕೆ ಬಲ. ಮುಖವನ್ನು ನೋಡಿ ಆರಿಸಿದರೆ ತಂಡವು ಅಂಕಣಕ್ಕೆ ಇಳಿಯುವ ಮೊದಲೇ ಸೋತಂತೆ. ದೂರದ ಹಳ್ಳಿಯಿಂದ ಬಂದ, ಯಾರ ಶಿಫಾರಸೂ ಇಲ್ಲದ ಒಬ್ಬ ರೈತನ ಮಗನು ತನ್ನ ಆಟದ ಬಲದಿಂದಲೇ ಪಟ್ಟಿಯಲ್ಲಿ ಸ್ಥಾನ ಪಡೆದಾಗ, ಆ ವಿಶ್ವವಿದ್ಯಾಲಯದ ಹೆಸರಿಗೆ ನಿಜವಾದ ಬೆಲೆ ಬರುತ್ತದೆ. ಅವನಿಗೆ ಅನ್ಯಾಯವಾದರೆ ಎಷ್ಟು ಪದಕಗಳು ಬಂದರೂ ಆ ಹೆಸರಿನ ಕಲೆ ಅಳಿಯುವುದಿಲ್ಲ.

ಈ ಸೀಮೆಯ ಆಟಗಾರರು ತೊಟ್ಟ ಅಂಗಿಯ ಮೇಲಿನ ಹೆಸರು ಕಾಲದಿಂದ ಕಾಲಕ್ಕೆ ಬದಲಾಗಿದೆ. ಆ ಬದಲಾವಣೆಯಲ್ಲಿ ನಾಡಿನ ಚರಿತ್ರೆಯೇ ಅಡಗಿದೆ. ಬ್ರಿಟಿಷರ ಕಾಲದಲ್ಲಿ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಇಲ್ಲಿಯ ಕಾಲೇಜುಗಳು 1857ರಲ್ಲಿ ಸ್ಥಾಪನೆಯಾದ ಮುಂಬಯಿ ವಿಶ್ವವಿದ್ಯಾಲಯದ ಅಂಗಗಳಾಗಿದ್ದವು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು, 1933ರಲ್ಲಿ ಬೆಳಗಾವಿಯಲ್ಲಿ ಲಿಂಗರಾಜ ಕಾಲೇಜು ಆರಂಭವಾದವು. ಕನ್ನಡಿಗರ ಬಹುದಿನಗಳ ಹಂಬಲದ ಫಲವಾಗಿ 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಹುಟ್ಟಿ ಧಾರವಾಡದಲ್ಲಿ ನೆಲೆಗೊಂಡಿತು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. 1949ರಲ್ಲಿ ‘ಕರ್ನಾಟಕ’ ಎಂಬ ಹೆಸರಿನ ರಾಜ್ಯವೇ ಇರಲಿಲ್ಲ. ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಏಕೀಕರಣದ ನಂತರವೂ ರಾಜ್ಯದ ಹೆಸರು ಮೈಸೂರು ಎಂದೇ ಇತ್ತು. ಅದು ಕರ್ನಾಟಕವಾದುದು 1973ರ ನವೆಂಬರ್ 1ರಂದು. ಅಂದರೆ ಧಾರವಾಡದ ವಿಶ್ವವಿದ್ಯಾಲಯದ ಪರವಾಗಿ ಆಡಲು ಹೊರಟ ತರುಣರು ಭೂಪಟದಲ್ಲಿ ಇನ್ನೂ ಮೂಡಿರದ ಒಂದು ಹೆಸರಿನಿಂದ ಗುರುತಿಸಿಕೊಳ್ಳುತ್ತಿದ್ದರು. ನಾಡು ಆ ಹೆಸರನ್ನು ಪಡೆಯುವ ಮೊದಲೇ ಆಟದ ತಂಡವು ಆ ಹೆಸರಿನಿಂದ ಕರೆಯಲ್ಪಟ್ಟಿತು. ತಂಡದ ಹೆಸರೆಂದರೆ ಬರಿಯ ವಿಳಾಸವಲ್ಲ, ಅದು ಒಂದು ಆಶಯವೂ ಆಗಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

2010ರಲ್ಲಿ ಹೆಸರು ಮತ್ತೊಮ್ಮೆ ಬದಲಾಯಿತು. ಬೆಳಗಾವಿಯ ಬಳಿಯ ಭೂತರಾಮನಹಟ್ಟಿಯಲ್ಲಿದ್ದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವು ಸ್ವತಂತ್ರ ವಿಶ್ವವಿದ್ಯಾಲಯವಾಗಿ, ಕಿತ್ತೂರಿನ ರಾಣಿ ಚನ್ನಮ್ಮನ ಹೆಸರನ್ನು ಪಡೆಯಿತು. ಆರಂಭದಲ್ಲಿ ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಕಾಲೇಜುಗಳು ಅದರ ವ್ಯಾಪ್ತಿಗೆ ಸೇರಿದವು. ಮುಂದೆ ಬಾಗಲಕೋಟೆ ಜಿಲ್ಲೆಗೆ ಪ್ರತ್ಯೇಕ ವಿಶ್ವವಿದ್ಯಾಲಯವಾಯಿತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಆಟಗಾರರಿಗೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಅಂಗಿ ದೊರೆಯಿತು.

ಬಟ್ಟೆಯ ಬಣ್ಣದಿಂದ ತಂಡವನ್ನು ಗುರುತಿಸುವ ಪದ್ಧತಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳಿಂದ ಪ್ರಸಿದ್ಧವಾಯಿತು. ಅವುಗಳ ನಡುವೆ ಮೊದಲ ದೋಣಿ ಪಂದ್ಯ ನಡೆದುದು 1829ರಲ್ಲಿ; ಚನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ ಪ್ರಾಣ ಬಿಟ್ಟ ವರ್ಷವೂ ಅದೇ. ಮುಂದೆ ಗಾಢ ನೀಲಿ ಆಕ್ಸ್‌ಫರ್ಡಿನ ಗುರುತಾಯಿತು, ತಿಳಿ ನೀಲಿ ಕೇಂಬ್ರಿಜಿನ ಗುರುತಾಯಿತು. ಅಲ್ಲಿ ವಿಶ್ವವಿದ್ಯಾಲಯದ ಪರವಾಗಿ ಆಡಿದವರಿಗೆ ‘ಬ್ಲೂ’ ಎಂಬ ಗೌರವ ಸಲ್ಲುತ್ತಿತ್ತು. ಆ ಮಾತು ಕಡಲು ದಾಟಿ ನಮ್ಮ ನಾಡಿಗೂ ಬಂದಿತು. ಅಂಗಿಯ ಬಣ್ಣ ಯಾವುದೇ ಇರಲಿ, ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ ವಿದ್ಯಾರ್ಥಿಯನ್ನು ಇಲ್ಲಿಯೂ ‘ಯೂನಿವರ್ಸಿಟಿ ಬ್ಲೂ’ ಎಂದು ಕರೆಯುವುದು ರೂಢಿಯಾಗಿದೆ.

ಈ ಗುರುತು ಒಂದುಗೂಡಿಸುವಂತೆಯೇ ಬೇರ್ಪಡಿಸುವುದೂ ಉಂಟು. ರಾಮದುರ್ಗದ ಒಂದೇ ಪ್ರೌಢಶಾಲೆಯಲ್ಲಿ ಕೂಡಿ ಆಡಿದ ಇಬ್ಬರು ಗೆಳೆಯರನ್ನು ಊಹಿಸಿಕೊಳ್ಳಬಹುದು. ಒಬ್ಬನು ಕಲಾ ವಿಭಾಗದ ಪದವಿ ಓದಿದರೆ ಚನ್ನಮ್ಮನ ಹೆಸರಿನ ತಂಡಕ್ಕೆ ಸೇರುತ್ತಾನೆ. ಇನ್ನೊಬ್ಬನು ಇಂಜಿನಿಯರಿಂಗ್ ಕಾಲೇಜು ಸೇರಿದರೆ 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಂಗಿಯನ್ನು ತೊಡುತ್ತಾನೆ. ಕಿತ್ತೂರಿನ ತರುಣನು ಓದಲು ಧಾರವಾಡಕ್ಕೆ ಹೋದರೆ ಕರ್ನಾಟಕ ವಿಶ್ವವಿದ್ಯಾಲಯದವನಾಗುತ್ತಾನೆ. ಬೈಲಹೊಂಗಲಕ್ಕೆ ಬಂದರೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದವನಾಗುತ್ತಾನೆ. ಮಹಿಳಾ ಕಾಲೇಜನ್ನು ಸೇರಿದ ಅಕ್ಕ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಪರವಾಗಿಯೂ, ಸಹಶಿಕ್ಷಣದ ಕಾಲೇಜನ್ನು ಸೇರಿದ ತಂಗಿ ಚನ್ನಮ್ಮನ ವಿಶ್ವವಿದ್ಯಾಲಯದ ಪರವಾಗಿಯೂ ಆಡುವ ಪ್ರಸಂಗ ಬರಬಹುದು. ಒಂದೇ ಒಲೆಯ ರೊಟ್ಟಿ ಉಂಡವರು ಅಂಕಣದಲ್ಲಿ ಎದುರಾಳಿಗಳು! ಎದುರಾಳಿಯೆಂದರೆ ಶತ್ರುವಲ್ಲ, ಬೇರೆ ಅಂಗಿ ತೊಟ್ಟ ನಮ್ಮವರೇ ಎಂಬ ಅರಿವು ಇಲ್ಲಿ ತಾನಾಗಿಯೇ ಮೂಡುತ್ತದೆ.

ಮಹಿಳೆಯ ಹೆಸರನ್ನು ಹೊತ್ತ ತಂಡಕ್ಕೆ ಇನ್ನೊಂದು ವಿಶೇಷವಿದೆ. ಮೈದಾನದ ಧ್ವನಿವರ್ಧಕದಲ್ಲಿ ‘ರಾಣಿ ಚನ್ನಮ್ಮ’ ಎಂಬ ಕರೆ ಕೇಳಿದಾಗ ಕಬಡ್ಡಿಯ ಗಂಡುಮಕ್ಕಳು ಎದ್ದು ಅಂಕಣಕ್ಕೆ ಇಳಿಯುತ್ತಾರೆ. ಶೌರ್ಯವು ಗಂಡಸರ ಸೊತ್ತೆಂದು ತಿಳಿದವರಿಗೆ ಆ ಕರೆಯೇ ಉತ್ತರ. ಹೆಣ್ಣುಮಕ್ಕಳ ಪಾಲಿಗೆ ಆ ಹೆಸರಿನ ಅರ್ಥ ಮತ್ತಷ್ಟು ಆಳವಾದುದು. ಸವದತ್ತಿಯ ಹಳ್ಳಿಯೊಂದರಿಂದ ಕಾಲೇಜಿಗೆ ಬರುವ ಹುಡುಗಿ ತರಗತಿಗಳು ಮುಗಿದ ಮೇಲೆ ಅಭ್ಯಾಸ ಮಾಡಬೇಕು, ಹೊತ್ತು ಮುಳುಗುವ ಮುನ್ನ ಊರಿನ ಬಸ್ಸು ಹಿಡಿಯಬೇಕು. ‘ಹೆಣ್ಣುಮಗಳಿಗೆ ಆಟವೇಕೆ?’ ಎಂಬ ಪ್ರಶ್ನೆಗೆ ಮನೆಯಲ್ಲಿಯೂ ಓಣಿಯಲ್ಲಿಯೂ ಉತ್ತರ ಹೇಳಬೇಕು. ಅವಳ ಹೆಸರು ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಬಂದ ದಿನ ಆ ಪ್ರಶ್ನೆಯ ದನಿ ತಗ್ಗುತ್ತದೆ. ಮರುವರ್ಷ ಅದೇ ಓಣಿಯ ಇನ್ನೊಬ್ಬ ಹುಡುಗಿ ಆಟಕ್ಕೆ ಹೊರಟಾಗ ಅವಳ ದಾರಿ ಅಷ್ಟು ಕಠಿಣವಾಗಿರುವುದಿಲ್ಲ.

ಹಾಗಾದರೆ ಚನ್ನಮ್ಮನ ಹೆಸರನ್ನು ಹೊತ್ತವರು ಅವಳಿಂದ ಕಲಿಯಬೇಕಾದುದು ಏನು? ಧೈರ್ಯ ಎಂದು ಎಲ್ಲರೂ ಹೇಳುತ್ತಾರೆ; ಅದು ನಿಜವೂ ಹೌದು. ಕಿತ್ತೂರಿನ ದತ್ತುಪುತ್ರನ ಹಕ್ಕನ್ನು ಒಪ್ಪದ ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಅವಳು ಕತ್ತಿ ಹಿಡಿದಳು. 1824ರ ಅಕ್ಟೋಬರ್ 23ರಂದು ನಡೆದ ಕದನದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಮಡಿದನು. ಚಿಕ್ಕ ಸಂಸ್ಥಾನವೊಂದು ಬಲಾಢ್ಯವಾದ ಕಂಪನಿಯನ್ನು ಅಂದು ಸೋಲಿಸಿತು. ಆದರೆ ಆ ವಿಜಯದ ಮರುದಿನಗಳಲ್ಲಿ ರಾಣಿಯು ನಡೆದುಕೊಂಡ ರೀತಿ ಕದನದಷ್ಟೇ ಸ್ಮರಣೀಯವಾದುದು. ವಾಲ್ಟರ್ ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಕಿತ್ತೂರಿನವರ ಕೈಗೆ ಸೆರೆಸಿಕ್ಕಿದ್ದರು. ರಾಣಿಯು ಅವರನ್ನು ಹಿಂಸಿಸಲಿಲ್ಲ, ಅವಮಾನಿಸಲಿಲ್ಲ; ಗೌರವದಿಂದ ನಡೆಸಿಕೊಂಡು ಕೊನೆಗೆ ಬಿಡುಗಡೆ ಮಾಡಿದಳು. ಕಂಪನಿಯಾದರೋ ದೊಡ್ಡ ಸೈನ್ಯದೊಡನೆ ಬಂದು ಡಿಸೆಂಬರಿನಲ್ಲಿ ಕೋಟೆಯನ್ನು ಹಿಡಿಯಿತು. ರಾಣಿ ಬೈಲಹೊಂಗಲದ ಸೆರೆಯನ್ನು ಸೇರಿದಳು. ಅವಳ ಬಲಗೈಯಂತಿದ್ದ ಸಂಗೊಳ್ಳಿ ರಾಯಣ್ಣನು ಹೋರಾಟವನ್ನು ಮುಂದುವರಿಸಿ 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದನು.

ಅಂದು ಜೀವಂತವಾಗಿ ಮರಳಿದ ಎಲಿಯಟ್ ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿ, ಈ ನಾಡಿನ ಪ್ರಾಚೀನ ಚರಿತ್ರೆಯ ಅಧ್ಯಯನಕ್ಕೆ ನೆರವಾದನು. ಸೆರೆಸಿಕ್ಕ ಎದುರಾಳಿಯ ಮಾನವನ್ನು ಕಾಪಾಡಿದ್ದರಿಂದ ಕಿತ್ತೂರಿಗೆ ರಾಜ್ಯವು ಉಳಿಯಲಿಲ್ಲ, ಹೆಸರು ಉಳಿಯಿತು.

ಯುದ್ಧವೇ ಬೇರೆ, ಆಟವೇ ಬೇರೆ. ಯುದ್ಧದಲ್ಲಿ ಸೋತವನು ರಾಜ್ಯವನ್ನೋ ಪ್ರಾಣವನ್ನೋ ಕಳೆದುಕೊಳ್ಳುತ್ತಾನೆ. ಆಟದಲ್ಲಿ ಸೋತವನು ಮರುವರ್ಷ ಮತ್ತೆ ಬರಬಹುದು. ಪ್ರಾಣವೇ ಪಣವಾಗಿದ್ದ ಕಾಲದಲ್ಲಿ ರಾಣಿಯು ಎದುರಾಳಿಗೆ ಗೌರವ ತೋರಿದಳು. ಹಾಗಿರುವಾಗ, ಒಂದು ಅಂಕ ಪಣವಾಗಿರುವ ಕಡೆಯಲ್ಲಿ ಅವಳ ಹೆಸರಿನ ಅಂಗಿ ತೊಟ್ಟವನು ತೀರ್ಪುಗಾರರೊಡನೆ ಕಾದಾಡಿದರೆ, ಬಿದ್ದವನನ್ನು ಕಂಡು ಹಂಗಿಸಿದರೆ, ಎದುರು ತಂಡದ ಊರನ್ನು ಹೀಯಾಳಿಸಿದರೆ ಆ ಹೆಸರಿಗೆ ಮಸಿ ಬಳಿದಂತಾಗುವುದಿಲ್ಲವೇ? ಅಂಗಿಯನ್ನು ಅಂಗಡಿಯಲ್ಲಿ ಹೊಲಿಸಬಹುದು, ಹೆಸರನ್ನು ಅದರ ಮೇಲೆ ಅಚ್ಚು ಹಾಕಿಸಬಹುದು. ಆ ಹೆಸರಿಗೆ ತಕ್ಕ ನಡತೆಯನ್ನು ಮಾತ್ರ ಆಟಗಾರನೇ ತರಬೇಕು.

ಪದವಿಯ ಓದು ಕೆಲವೇ ವರ್ಷಗಳದು. ಅದು ಮುಗಿದ ಮೇಲೆ ಆಟಗಾರನು ಅಂಗಿಯನ್ನು ಮಡಿಸಿಟ್ಟು ಹೊಲಕ್ಕೋ ಮಗ್ಗಕ್ಕೋ ಕಚೇರಿಗೋ ತೆರಳುತ್ತಾನೆ. ಅವನ ಸ್ಥಾನಕ್ಕೆ ಬೇರೊಬ್ಬನು ಬರುತ್ತಾನೆ. ಮಲಪ್ರಭೆಯಲ್ಲಿ ನಿನ್ನೆ ಹರಿದ ನೀರು ಇಂದು ಇಲ್ಲ, ಆದರೂ ಹೊಳೆ ಅದೇ. ಆಟಗಾರರು ಬದಲಾದರೂ ತಂಡವು ಹಾಗೆಯೇ ಮುಂದುವರಿಯುತ್ತದೆ. ಹಿಂದಿನವರು ಬಿಟ್ಟುಹೋದ ಕೀರ್ತಿ ಇಂದಿನವರ ಕೈಯಲ್ಲಿದೆ. ಇಂದಿನವರು ಗಳಿಸುವುದು ಮುಂದಿನವರಿಗೆ ಸಲ್ಲುತ್ತದೆ. ಬೈಲಹೊಂಗಲದವನಾಗಲಿ ರಾಮದುರ್ಗದವಳಾಗಲಿ, ತೊಟ್ಟ ಹೆಸರನ್ನು ತಾನು ಪಡೆದುದಕ್ಕಿಂತ ತುಸು ಹೆಚ್ಚು ಬೆಳಗಿಸಿ ಮುಂದಿನವರ ಕೈಗೆ ಒಪ್ಪಿಸುವುದೇ ಆ ಅಂಗಿಯ ಋಣವನ್ನು ತೀರಿಸುವ ದಾರಿ.

ಅಭ್ಯಾಸ

ಪದಗಳ ಅರ್ಥ

ಹವಣಿಸು – ಪ್ರಯತ್ನಿಸು
ಅಂಕಣ – ಗೆರೆ ಹಾಕಿ ಗುರುತಿಸಿದ ಆಟದ ಸ್ಥಳ
ಹಾಸು – ಮಗ್ಗದಲ್ಲಿ ಉದ್ದಕ್ಕೆ ಕಟ್ಟಿದ ನೂಲು
ಹೊಕ್ಕು – ಮಗ್ಗದಲ್ಲಿ ಅಡ್ಡಕ್ಕೆ ಹಾಯಿಸುವ ನೂಲು
ನಿದರ್ಶನ – ಉದಾಹರಣೆ
ಪಣ – ಒತ್ತೆ, ಪಂಥಕ್ಕೆ ಇಟ್ಟುದು

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ರಾಣಿ ಚನ್ನಮ್ಮನ ಸಮಾಧಿ ಯಾವ ಊರಿನಲ್ಲಿದೆ?
2. ನಮ್ಮ ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬಂದುದು ಯಾವಾಗ?
3. ‘ಯೂನಿವರ್ಸಿಟಿ ಬ್ಲೂ’ ಎಂದು ಯಾರನ್ನು ಕರೆಯುತ್ತಾರೆ?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ವಿಶ್ವವಿದ್ಯಾಲಯದ ತಂಡವನ್ನು ಆರಿಸುವ ಕ್ರಮವನ್ನು ವಿವರಿಸಿರಿ.
2. ಕಬಡ್ಡಿ ಮತ್ತು ಖೋ-ಖೋ ಆಟಗಳು ಒಂದಾಗುವ ಪಾಠವನ್ನು ಹೇಗೆ ಕಲಿಸುತ್ತವೆ?
3. ಸೆರೆಸಿಕ್ಕ ಅಧಿಕಾರಿಗಳನ್ನು ಚನ್ನಮ್ಮನು ಹೇಗೆ ನಡೆಸಿಕೊಂಡಳು? ಇದರಿಂದ ಆಟಗಾರರು ಕಲಿಯಬೇಕಾದುದು ಏನು?

ಇ) ಸಂದರ್ಭ ಸೂಚಿಸಿ ವಿವರಿಸಿರಿ.
1. ‘ಒಂದೇ ಒಲೆಯ ರೊಟ್ಟಿ ಉಂಡವರು ಅಂಕಣದಲ್ಲಿ ಎದುರಾಳಿಗಳು!’
2. ‘ಕಿತ್ತೂರಿಗೆ ರಾಜ್ಯವು ಉಳಿಯಲಿಲ್ಲ, ಹೆಸರು ಉಳಿಯಿತು.’

ಈ) ಬಿಡಿಸಿ ಬರೆದು ಸಂಧಿಯ ಹೆಸರನ್ನು ತಿಳಿಸಿರಿ.
ಜಲಾಶಯ, ಅಂಗಿಯನ್ನು, ಹೆಸರನ್ನು

ಉ) ನಿಮ್ಮ ಶಾಲೆಯ ತಂಡವು ಯಾವ ಗುಣದಿಂದ ಹೆಸರಾಗಬೇಕೆಂದು ನೀವು ಬಯಸುತ್ತೀರಿ? ಹತ್ತು ವಾಕ್ಯಗಳಲ್ಲಿ ಬರೆಯಿರಿ.